ಎಂಟೆಸಳಿನ ಪ್ರಾಣಿ: ಮೆದು ಹವಳಗಳನ್ನು ನೀರಿನೊಳಗೆ ಗುರುತಿಸುವ ಬಗೆ

ತಾಯಿಯ ಕೊರಳಲ್ಲಿ ಕರಿಮಣಿಯೊಡನೆ ಪೋಣಿಸಿದ ಹವಳವನ್ನು ನೋಡದೆ ಬೆಳೆದವರು ನಮ್ಮಲ್ಲಿ ಕಡಿಮೆ. ಕುಜದೋಷ ಪರಿಹಾರಕ್ಕೆಂದು ಬೆರಳಿಗೆ ಹವಳದ ಉಂಗುರ ತೊಟ್ಟವರು ನಮ್ಮ ವಾಚನಾಲಯದ ಮೇಜಿನ ಸುತ್ತಲೇ ಮೂರು ನಾಲ್ಕು ಮಂದಿ ಇದ್ದಾರೆ. ನವರತ್ನಗಳಲ್ಲಿ ಏಳು ನೆಲದಿಂದ ತೆಗೆದ ಕಲ್ಲುಗಳು. ಮುತ್ತು ಮತ್ತು ಹವಳ ಎರಡು ಮಾತ್ರ ಕಡಲಿನ ಪ್ರಾಣಿಗಳಿಂದ ಬಂದವು. ಮುತ್ತಿನ ಚಿಪ್ಪನ್ನು ಎಲ್ಲರೂ ಬಲ್ಲರು. ಹವಳದ ಪ್ರಾಣಿಯನ್ನು ಕಂಡವರು ವಿರಳ. ಕಂಡರೂ ಅದನ್ನು ಪ್ರಾಣಿಯೆಂದು ತಿಳಿಯದೆ, ಹೂವೆಂದೋ ಪಾಚಿಯೆಂದೋ ಬೇರೆಂದೋ ಎಣಿಸಿ ಮುಂದೆ ಹೋದವರೇ ಹೆಚ್ಚು. ಹಾಗೆ ಎಣಿಸಿ ಕೈಗೆ ಪೆಟ್ಟು ತಿಂದವರಲ್ಲಿ ಈ ಲೇಖಕನೂ ಒಬ್ಬ. ಆ ಕಥೆ ಮುಂದೆ ಬರುತ್ತದೆ.

ಹವಳವು ಪ್ರಾಣಿಯೆಂಬ ಸಂಗತಿ ವಿದ್ವಾಂಸರಿಗೂ ಸುಲಭವಾಗಿ ಒಪ್ಪಿಗೆಯಾದುದಲ್ಲ. 1706ರಲ್ಲಿ ಇಟಲಿಯ ಮಾರ್ಸಿಲಿ ಎಂಬಾತನು ಮೆಡಿಟರೇನಿಯನ್ ಸಮುದ್ರದಿಂದ ಆಗತಾನೆ ಎತ್ತಿದ ಕೆಂಪು ಹವಳದ ಕೊಂಬೆಯನ್ನು ಕಡಲನೀರು ತುಂಬಿದ ಪಾತ್ರೆಯಲ್ಲಿಟ್ಟು ಕಾದು ಕುಳಿತನು. ಸ್ವಲ್ಪ ಹೊತ್ತಿನಲ್ಲಿ ಕೊಂಬೆಯ ಮೈತುಂಬ ಬಿಳಿಯ ಪುಟ್ಟ ಹೂಗಳು ಅರಳಿದವು. ಒಂದೊಂದಕ್ಕೂ ಎಂಟೆಂಟು ಎಸಳು. ಹೂ ಬಿಡುವುದು ಗಿಡವಲ್ಲದೆ ಮತ್ತೇನಾದೀತು? ಹವಳವು ಗಿಡವೆಂದೇ ತೀರ್ಮಾನವಾಯಿತು. ಮುಂದೆ 1720ರ ದಶಕದಲ್ಲಿ ಮಾರ್ಸೇಲ್ ಪಟ್ಟಣದ ವೈದ್ಯ ಪೇಸೊನೆಲ್ ಅದೇ ಹೂಗಳನ್ನು ನೋಡಿದನು. ಅವು ಮುಟ್ಟಿದರೆ ಮುದುಡಿಕೊಳ್ಳುತ್ತವೆ, ಎಸಳುಗಳನ್ನು ಚಾಚಿ ಮಡಿಚುತ್ತವೆ; ಆದುದರಿಂದ ಇವು ಹೂಗಳಲ್ಲ, ಪುಟ್ಟ ಜೀವಿಗಳು ಎಂದು ಅವನು ಬರೆದು ಪ್ಯಾರಿಸಿಗೆ ಕಳುಹಿಸಿದನು. ಅಲ್ಲಿನ ಹಿರಿಯ ವಿದ್ವಾಂಸ ರೆಯೋಮ್ಯೂರನಿಗೆ ಅದು ನಗೆಪಾಟಲಿನ ಮಾತಾಗಿ ಕಂಡಿತು. ಸಭೆಯಲ್ಲಿ ವಿಷಯವನ್ನು ಪ್ರಸ್ತಾಪಿಸುವಾಗ, ಬರೆದವನ ಮರ್ಯಾದೆ ಉಳಿಯಲಿ ಎಂದು ಅವನ ಹೆಸರನ್ನೇ ಹೇಳದೆ ಬಿಟ್ಟನಂತೆ. ಇಂಥ ಉಪಕಾರ ಯಾರಿಗೂ ಬೇಡ! 1740ರ ನಂತರ ಟ್ರೆಂಬ್ಲೆ ಎಂಬಾತನು ಕೊಳದ ನೀರಿನ ಹೈಡ್ರಾ ಎಂಬ ಜೀವಿಯನ್ನು ಎರಡಾಗಿ ಕತ್ತರಿಸಿ, ಎರಡು ತುಂಡೂ ಪೂರ್ಣ ಪ್ರಾಣಿಗಳಾಗಿ ಬೆಳೆಯುವುದನ್ನು ತೋರಿಸಿದನು. ಆಗ ವಿದ್ವಾಂಸರು ಕಡಲತೀರಕ್ಕೆ ಹೋಗಿ ಮತ್ತೊಮ್ಮೆ ನೋಡಿದರು. ಪೇಸೊನೆಲ್ ಹೇಳಿದುದೇ ನಿಜವಾಗಿತ್ತು.

ಆ 'ಹೂ'ವಿಗೆ ಈಗ ಪಾಲಿಪ್ ಎಂದು ಹೆಸರು. ಪಾಲಿಪ್ ಎಂದರೆ ಒಂದೇ ಬಾಯಿಯುಳ್ಳ ಒಂದು ಮೆದುವಾದ ಚೀಲ. ಆಹಾರ ಒಳಗೆ ಹೋಗುವುದೂ ಕಸ ಹೊರಗೆ ಬರುವುದೂ ಆ ಒಂದೇ ಬಾಯಿಯಿಂದ. ಬಾಯಿಯ ಸುತ್ತ ಎಳೆಗಳಂಥ ಕರಬಳ್ಳಿಗಳು. ಕರಬಳ್ಳಿಗಳ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಟುಕುಕಣಗಳು. ಒಂದೊಂದು ಕಣದಲ್ಲೂ ಸುರುಳಿ ಸುತ್ತಿಟ್ಟ ದಾರವಿರುತ್ತದೆ. ಏನಾದರೂ ತಗುಲಿದೊಡನೆ ದಾರ ಸಿಡಿದು ಚುಚ್ಚುತ್ತದೆ, ವಿಷವಿಳಿಸುತ್ತದೆ. ಸಾಮಾನ್ಯವಾಗಿ ಆ ವಿಷ ಕಡಲಿನ ಧೂಳಿನಷ್ಟು ಸಣ್ಣ ಜೀವಿಗಳನ್ನು ಹಿಡಿಯಲು ಸಾಲುವಷ್ಟೇ ಇರುತ್ತದೆ. ಕೆಲವಲ್ಲಿ ಮನುಷ್ಯನ ಚರ್ಮಕ್ಕೂ ಸಾಕಾಗುತ್ತದೆ.

ಕಡಲಹೂ, ಎಂದರೆ ಸೀ ಅನಿಮೋನ್, ಒಂಟಿ ಪಾಲಿಪ್. ಹವಳಗಳಾದರೋ ಬಹುಮಟ್ಟಿಗೆ ಗುಂಪಿನ ಸಂಸಾರದವು. ನಮ್ಮ ಲಾಲ್‌ಬಾಗ್, ಪರೇಲ್ ಚಾಳುಗಳನ್ನು ನೆನೆದುಕೊಂಡರೆ ಅವುಗಳ ವ್ಯವಸ್ಥೆ ಅರ್ಥವಾಗುತ್ತದೆ. ಖೋಲಿ ಬೇರೆ ಬೇರೆ, ಗೋಡೆ ಒಂದೇ, ನಡೆ ಒಂದೇ, ನಲ್ಲಿಯೂ ಒಂದೇ. ಪಾಲಿಪುಗಳ ಚಾಳಿನಲ್ಲಿ ಇನ್ನೂ ಒಂದು ಹೆಚ್ಚಿನದಿದೆ: ಒಬ್ಬನು ಉಂಡ ಊಟ ಒಳಗಿನ ಕೊಳವೆಗಳ ಮೂಲಕ ನೆರೆಮನೆಗೂ ಹೋಗುತ್ತದೆ. ಅಷ್ಟು ಸೌಹಾರ್ದ ನಮ್ಮ ಚಾಳುಗಳಲ್ಲಿ ಹಬ್ಬದ ದಿನ ಮಾತ್ರ ಕಂಡೀತು.

ಈ ಚಾಳು ಕಟ್ಟುವ ರೀತಿಯಲ್ಲಿ ಭೇದವಿದೆ. ಕಠಿಣ ಹವಳದ ಪಾಲಿಪ್ ತನ್ನ ಬುಡದಲ್ಲಿ ಸುಣ್ಣದ ಕಲ್ಲಿನ ಬಟ್ಟಲನ್ನು ಕಟ್ಟಿ ಅದರಲ್ಲಿ ಕುಳಿತುಕೊಳ್ಳುತ್ತದೆ. ಪಾಲಿಪ್ ಸತ್ತರೂ ಬಟ್ಟಲು ಉಳಿಯುತ್ತದೆ; ಅಂಥ ಬಟ್ಟಲುಗಳು ಸಾವಿರಾರು ವರ್ಷ ಒಂದರ ಮೇಲೊಂದು ಸೇರಿ ಲಕ್ಷದ್ವೀಪದಂಥ ನೆಲವೇ ಆಗಿದೆ. ಮೆದು ಹವಳವು ಅಂಥ ಮನೆ ಕಟ್ಟುವುದಿಲ್ಲ. ಅದರ ಮಾಂಸದೊಳಗೆ ಸುಣ್ಣದ ಸೂಜಿಚೂರುಗಳು ಹರಡಿಕೊಂಡಿರುತ್ತವೆ, ಅಷ್ಟೆ. ಒಳಗೆ ನೀರು ತುಂಬಿಕೊಂಡಾಗ ಮೈ ಬಿಗಿದು ನಿಲ್ಲುತ್ತದೆ, ನೀರು ಬಿಟ್ಟಾಗ ಒದ್ದೆ ಬಟ್ಟೆಯ ಹಾಗೆ ಕುಸಿಯುತ್ತದೆ. ಬೆಳಗ್ಗೆ ಪೊದೆಯಾಗಿ ಕಂಡದ್ದು ಮಧ್ಯಾಹ್ನ ಮುದ್ದೆಯಾಗಿ ಬಿದ್ದಿರುವುದನ್ನು ಮುಳುಗುಗಾರರು ಕಾಣುವುದುಂಟು. ಆದುದರಿಂದ ಆಕಾರವನ್ನೂ ಗಾತ್ರವನ್ನೂ ನೆಚ್ಚಿ ಹೆಸರು ಹೇಳಹೊರಟರೆ ಮೋಸ ಹೋಗುವುದೇ ಸರಿ.

ಹಾಗಾದರೆ ನೆಚ್ಚಬೇಕಾದುದು ಯಾವುದನ್ನು? ಎಸಳಿನ ಲೆಕ್ಕವನ್ನು. ಮಾರ್ಸಿಲಿ ಕಂಡ ಎಂಟು ಎಂಬ ಸಂಖ್ಯೆಯೇ ಇಂದಿಗೂ ಮೊದಲ ಬೀಗದ ಕೈ. ಮೆದು ಹವಳ, ಬೀಸಣಿಗೆ ಹವಳ, ಚಾವಟಿ ಹವಳ, ಕಡಲ ಗರಿ ಇವೆಲ್ಲವುಗಳ ಪಾಲಿಪಿಗೆ ಎಂಟೇ ಕರಬಳ್ಳಿ. ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟೇ ಅಲ್ಲ, ಒಂದೊಂದು ಕರಬಳ್ಳಿಯ ಎರಡು ಅಂಚಿಗೂ ಹಕ್ಕಿಯ ಗರಿಯಲ್ಲಿರುವಂತೆ ಸಣ್ಣ ಸಣ್ಣ ಕವಲುಗಳಿರುತ್ತವೆ. ಕಠಿಣ ಹವಳ, ಕಡಲಹೂ ಮೊದಲಾದವುಗಳ ಲೆಕ್ಕ ಆರರ ಮಗ್ಗಿಯಲ್ಲಿ ನಡೆಯುತ್ತದೆ: ಆರು, ಹನ್ನೆರಡು, ಇಪ್ಪತ್ತನಾಲ್ಕು, ನಲವತ್ತೆಂಟು. ಅವುಗಳ ಕರಬಳ್ಳಿ ಸಾಮಾನ್ಯವಾಗಿ ನುಣುಪು, ಬರಿಯ ಬೆರಳಿನ ಹಾಗೆ. ನೀರಿನಲ್ಲಿ ತೂಗಾಡುತ್ತಿರುವ ಎಳೆಗಳನ್ನು ಎಣಿಸುವುದು ಕಷ್ಟವೆಂದು ಕಂಡರೆ ಎಣಿಸಬೇಡಿ. ಗರಿಯೋ ಬೆರಳೋ ಎಂಬುದನ್ನಷ್ಟೇ ನೋಡಿ. ಗರಿಯಂತಿದ್ದರೆ ಎಂಟರ ಮನೆತನ, ಬೆರಳಂತಿದ್ದರೆ ಆರರ ಮನೆತನ. ಇದೊಂದನ್ನು ಕಲಿತವನು ಅರ್ಧ ವಿದ್ಯೆ ಕಲಿತಂತೆ.

ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ತಾಯಿಯ ಕೊರಳಿನ ಕೆಂಪು ಹವಳ ಕಲ್ಲಿನಷ್ಟು ಗಟ್ಟಿ. ಹೊಳಪು ಕೊಟ್ಟರೆ ಮಿಂಚುತ್ತದೆ. ಆದರೆ ಮಾರ್ಸಿಲಿಯ ಎಂಟೆಸಳು ಸುಳ್ಳಾಡುವುದಿಲ್ಲ. ಅದು ಬಂಡೆ ಕಟ್ಟುವ ಕಠಿಣ ಹವಳಗಳ ಬಳಗವಲ್ಲ. ಮೆದು ಹವಳಗಳ, ಬೀಸಣಿಗೆ ಹವಳಗಳ ರಕ್ತಸಂಬಂಧಿ. ಗಟ್ಟಿತನ ನೋಡಿ ಕುಲ ಹೇಳಬಾರದು ಎಂಬುದಕ್ಕೆ ಮನೆಯಲ್ಲೇ ಇರುವ ಸಾಕ್ಷಿ ಇದು.

ಇನ್ನು ನೀರಿಗಿಳಿಯುವ ಮಾತು. ಬೆನ್ನಿಗೆ ಒತ್ತಿದ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬೇಕಾದಷ್ಟೇ ಗಾಳಿಯನ್ನು ಬೇಕಾದಾಗ ಬಾಯಿಗೆ ಕೊಡುವ ಯಂತ್ರವನ್ನು ಕಚ್ಚಿಕೊಂಡು ಮುಳುಗುವುದನ್ನು ಸ್ಕೂಬಾ ಎನ್ನುತ್ತಾರೆ. 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾಞಾ ಎಂಬಿಬ್ಬರು ಈ ಸಾಧನವನ್ನು ಈಗಿನ ಹದಕ್ಕೆ ತಂದರು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದಲ್ಲಿ, ಮಾಲವಣದಲ್ಲಿ, ಲಕ್ಷದ್ವೀಪ ಅಂಡಮಾನುಗಳಲ್ಲಿ ಇದನ್ನು ಕಲಿಸುವವರಿದ್ದಾರೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಇದು ನಡೆಯುವುದಿಲ್ಲ. ಖರ್ಚು ನಮ್ಮಂಥವರಿಗೆ ಕಡಿಮೆಯೇನಲ್ಲ. ಒಂದು ಮುಳುಗಿಗೆ ವರ್ಷವಿಡೀ ಕೂಡಿಟ್ಟವರನ್ನು ನಾನು ಬಲ್ಲೆ. ಅಷ್ಟು ಖರ್ಚು ಮಾಡಿ ಇಳಿದವರು ಏನನ್ನೂ ಗುರುತಿಸದೆ 'ಬಣ್ಣ ಬಣ್ಣದ್ದು ಏನೇನೋ ಇತ್ತು' ಎಂದು ಹೇಳಿ ಬರುವುದನ್ನು ಕೇಳಿದಾಗ ಹೊಟ್ಟೆ ಉರಿಯುತ್ತದೆ.

ಬಣ್ಣದ ಮಾತು ಬಂದುದರಿಂದ ಹೇಳಿಬಿಡುತ್ತೇನೆ. ನೀರು ಬಣ್ಣಗಳನ್ನು ಒಂದೊಂದಾಗಿ ನುಂಗುತ್ತದೆ. ಮೊದಲ ತುತ್ತು ಕೆಂಪು. ಐದಾರು ಮೀಟರು ಇಳಿಯುವಷ್ಟರಲ್ಲಿ ಕೆಂಪು ಬಹುಮಟ್ಟಿಗೆ ಮಾಯವಾಗಿ ಕಂದಾಗಿಯೋ ಕಪ್ಪಾಗಿಯೋ ಕಾಣುತ್ತದೆ. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಕೊನೆಗೆ ಉಳಿಯುವುದು ನೀಲಿ. ಆಳದಲ್ಲಿ ಬೆರಳು ಕೊಯ್ದುಕೊಂಡವನಿಗೆ ತನ್ನ ರಕ್ತ ಹಸುರುಗಪ್ಪಾಗಿ ಕಾಣುವುದು ಇದರಿಂದಲೇ. ಕೈದೀಪವೊಂದನ್ನು ಒಯ್ದು ಹತ್ತಿರದಿಂದ ಬೆಳಕು ಬಿಟ್ಟರೆ ನಿಜವಾದ ಬಣ್ಣ ತಟ್ಟನೆ ಹೊರಬೀಳುತ್ತದೆ. ಗಾತ್ರವೂ ಮೋಸವೇ. ನೀರಿನಿಂದ ಮುಖವಾಡದ ಗಾಜಿನ ಒಳಗಿನ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ವಸ್ತುಗಳು ಸುಮಾರು ಮೂರನೆಯ ಒಂದು ಪಾಲಿನಷ್ಟು ದೊಡ್ಡವಾಗಿ, ಇರುವುದಕ್ಕಿಂತ ಹತ್ತಿರದಲ್ಲಿ ತೋರುತ್ತವೆ. ಊರಿಗೆ ಬಂದು ಮೀನಿನ ಉದ್ದ ಹೇಳುವಾಗ ಇಷ್ಟನ್ನಾದರೂ ಕಳೆದು ಹೇಳಬೇಕು.

ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡು ಪಟ್ಟಾಗುತ್ತದೆ. ಉಸಿರನ್ನು ಎಂದೂ ಬಿಗಿಹಿಡಿಯಬಾರದು. ಮೇಲೇರುವಾಗ ಬಿಗಿಹಿಡಿದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಪ್ರಾಣಕ್ಕೇ ಅಪಾಯ. ಪಾಲಿಪ್ ನೋಡುವ ಆಸೆಯಲ್ಲಿ ಇದನ್ನು ಮರೆತವರುಂಟು. ಗುರುವಿನ ಕೈಸನ್ನೆಗೆ ಒಂದು ಕಣ್ಣು ಮೀಸಲಿಟ್ಟು, ಉಳಿದ ಒಂದರಿಂದ ಹವಳ ನೋಡಿದರೆ ಸಾಕು.

ಇನ್ನು ಮುಖ್ಯವಾದ ಕೆಲವನ್ನು ಪರಿಚಯ ಮಾಡಿಕೊಳ್ಳೋಣ. ಅಂಡಮಾನು, ಲಕ್ಷದ್ವೀಪ, ಮನ್ನಾರ್ ಕೊಲ್ಲಿಗಳಲ್ಲಿ ಮುಳುಗುವವರಿಗೆ ಮೊದಲು ಎದುರಾಗುವುದು ತೊಗಲು ಹವಳಗಳು. ಸಾರ್ಕೋಫೈಟನ್ ಎಂಬುದು ಥೇಟು ನಾಯಿಕೊಡೆಯ ಆಕಾರ: ಕೆಳಗೆ ಬೋಳಾದ ದಪ್ಪ ಕಾಂಡ, ಮೇಲೆ ಅಂಚು ಮಡಿಚಿದ ಅಗಲವಾದ ಟೊಪ್ಪಿಗೆ. ಟೊಪ್ಪಿಗೆಯ ಮೇಲೆ ಮಾತ್ರ ಪಾಲಿಪುಗಳು, ಕಾಂಡದ ಮೇಲೆ ಒಂದೂ ಇಲ್ಲ. ಹತ್ತಿರ ಹೋಗಿ ನೋಡಿದರೆ ಪಾಲಿಪುಗಳು ಎರಡು ಬಗೆ. ಎಂಟೆಸಳು ಬಿಚ್ಚಿ ನಿಂತ ಎತ್ತರದವು ಒಂದು. ಅವುಗಳ ನಡುವೆ ಚುಕ್ಕಿಯಂತಿರುವ, ಕರಬಳ್ಳಿ ಬೆಳೆಯದ ಕುಳ್ಳು ಪಾಲಿಪುಗಳು ಮತ್ತೊಂದು. ಎತ್ತರದವು ಉಣ್ಣುತ್ತವೆ, ಕುಳ್ಳುಗಳು ಇಡೀ ಚಾಳಿಗೆ ನೀರು ಹಾಯಿಸುತ್ತವೆ. ಈ ಹವಳ ಆಗಾಗ ಎಲ್ಲ ಬಾಗಿಲುಗಳನ್ನೂ ಮುಚ್ಚಿಕೊಂಡು ಕೆಲವು ದಿನ ಸತ್ತಂತೆ ಮಂಕಾಗಿದ್ದು, ಆಮೇಲೆ ಮೇಣದಂಥ ಪೊರೆಯೊಂದನ್ನು ಕಳಚಿ ಹೊಸದಾಗಿ ನಿಲ್ಲುತ್ತದೆ. ಹಾವಿನ ಪೊರೆ ಕಂಡವರಿಗೆ ಇದು ವಿಚಿತ್ರವೆನಿಸದು.

ಲೋಬೊಫೈಟನ್ ಇದರ ಸೋದರ. ಇದರಲ್ಲಿಯೂ ಎರಡು ಬಗೆಯ ಪಾಲಿಪ್, ಆದರೆ ಮೈ ದಪ್ಪ ಮಡಿಕೆಗಳಾಗಿ ಎದ್ದಿರುತ್ತದೆ. ಸಿನುಲೇರಿಯ ಬೆರಳು ಬೆರಳಾಗಿ ಕವಲೊಡೆದದ್ದು. ಪಾಲಿಪ್ ಒಂದೇ ಬಗೆ. ಕುಳ್ಳು ಚುಕ್ಕಿಗಳು ಇವೆಯೇ ಇಲ್ಲವೇ ಎಂಬುದೇ ಇಲ್ಲಿ ಪರೀಕ್ಷೆ. ಸಿನುಲೇರಿಯದ ಬುಡದಲ್ಲಿ ಸೂಜಿಚೂರುಗಳು ಒತ್ತೊತ್ತಾಗಿ ಬೆಸೆದುಕೊಂಡು ಕಲ್ಲಾಗಿಬಿಡುವುದೂ ಉಂಟು. ಮೆದು ಎಂದು ಹೆಸರು ಹೊತ್ತವನೂ ಕಾಲ ಬಂದರೆ ಬಂಡೆ ಕಟ್ಟುತ್ತಾನೆ.

ಎಲ್ಲಕ್ಕಿಂತ ಚೆಲುವಾದುದು ಡೆಂಡ್ರೊನೆಫ್ತಿಯ. ಹೆಸರು ಬಾಯಿಗೆ ಕಷ್ಟ, ಗುರುತು ಮಾತ್ರ ಸುಲಭ. ಗಾಜಿನಂತೆ ಪಾರದರ್ಶಕವಾದ ಕಾಂಡ. ಅದರೊಳಗೆ ಸುಣ್ಣದ ಸೂಜಿಗಳು ಬರಿಗಣ್ಣಿಗೇ ಕಾಣುತ್ತವೆ. ಕವಲುಗಳ ತುದಿಯಲ್ಲಿ ಹೂಕೋಸಿನ ಹಾಗೆ ಕೆಂಪು, ನೇರಳೆ, ಹಳದಿ ಪಾಲಿಪಿನ ಗೊಂಚಲುಗಳು. ತೊಗಲು ಹವಳಗಳ ಮೈಯಲ್ಲಿ ಸೂಕ್ಷ್ಮವಾದ ಪಾಚಿ ಒಕ್ಕಲಿರುತ್ತದೆ. ಆ ಪಾಚಿ ಬಿಸಿಲಿನಲ್ಲಿ ಅಡಿಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತದೆ. ಆದುದರಿಂದ ಅವು ಬೆಳಕಿರುವ ಕಡೆಯೇ ಬೇಕೆನ್ನುತ್ತವೆ, ಕಂದು ಬಣ್ಣ ತಾಳುತ್ತವೆ. ಡೆಂಡ್ರೊನೆಫ್ತಿಯಕ್ಕೆ ಆ ಒಕ್ಕಲಿಲ್ಲ. ಹರಿವ ನೀರು ತಂದುಕೊಟ್ಟುದನ್ನೇ ಉಂಡು ಬದುಕಬೇಕು. ಅದಕ್ಕೇ ಅದು ಬಂಡೆಯ ಚಾಚಿನ ಕೆಳಗೆ, ಗುಹೆಯ ಬಾಯಲ್ಲಿ, ಸೆಳೆತವಿರುವಲ್ಲಿ ನಿಲ್ಲುತ್ತದೆ. ನೀರು ಹರಿಯತೊಡಗಿದಾಗ ಉಬ್ಬಿ ನಿಂತು, ಹರಿವು ನಿಂತಾಗ ಕುಗ್ಗುತ್ತದೆ. ಎಲ್ಲಿ ನಿಂತಿದೆ ಎಂಬುದೂ ಗುರುತಿನ ಒಂದು ಅಂಗ.

ಝೀನಿಯ ಬಳಗದ ಕೆಲವು ಹವಳಗಳು ತಮ್ಮ ಎಂಟೆಸಳುಗಳನ್ನು ಮುಷ್ಟಿಯಂತೆ ಹಿಡಿದು ಬಿಡುತ್ತ, ಹಿಡಿದು ಬಿಡುತ್ತ ಇರುತ್ತವೆ. ಇದು ಊಟ ಹಿಡಿಯುವ ಆಟವೆಂದು ಬಹುಕಾಲ ಭಾವಿಸಿದ್ದರು. ಕೆಂಪು ಸಮುದ್ರದ ಒಂದು ಝೀನಿಯವನ್ನು ಕುರಿತು 2013ರಲ್ಲಿ ಪ್ರಕಟವಾದ ಸಂಶೋಧನೆ ಬೇರೆಯೇ ಕಾರಣ ಹೇಳಿತು: ಹೀಗೆ ಮಿಡಿಯುವುದರಿಂದ ಸುತ್ತಲಿನ ನೀರು ಕಲಕಿ, ಮೈಯೊಳಗಿನ ಪಾಚಿ ಬಿಟ್ಟ ಪ್ರಾಣವಾಯು ಹೊರಗೆ ಹೋಗುತ್ತದೆ, ಪಾಚಿಯ ಅಡಿಗೆ ಚುರುಕಾಗುತ್ತದೆ. ಒಕ್ಕಲಿನವನಿಗಾಗಿ ಮನೆಯೊಡೆಯನೇ ಹಗಲಿರುಳು ಬೀಸಣಿಗೆ ಬೀಸಿದಂತೆ. ಮುಂಬಯಿಯಲ್ಲಿ ಇಂಥ ಮನೆಯೊಡೆಯರು ಎಲ್ಲಿದ್ದಾರೆ!

ಬೀಸಣಿಗೆ ಹವಳ ಒಂದೇ ಮಟ್ಟಸದಲ್ಲಿ ಬಲೆಯಂತೆ ಹರಡುತ್ತದೆ. ನೀರಿನ ಹರಿವಿಗೆ ಅಡ್ಡವಾಗಿ ಮುಖಮಾಡಿ ನಿಲ್ಲುತ್ತದೆ. ಒಳಗೆ ಕೊಂಬಿನಂಥ ಗಟ್ಟಿ ಎಳೆ, ಮೇಲೆ ತೆಳುವಾದ ಮಾಂಸ, ಅದರಲ್ಲಿ ಎಂಟೆಸಳಿನ ಪಾಲಿಪ್. ಚಾವಟಿ ಹವಳ ಕವಲಿಲ್ಲದೆ ನೆಟ್ಟಗೆ ಬೆಳೆದದ್ದು. ಇವುಗಳನ್ನು ಕರಿಹವಳದಿಂದ ಬೇರೆ ಮಾಡುವುದು ತುಸು ಕಷ್ಟ. ಕರಿಹವಳವೂ ಪೊದೆಯಂತೆ, ಬೀಸಣಿಗೆಯಂತೆ ಇರಬಲ್ಲದು; ಆದರೆ ಅದರ ಪಾಲಿಪಿಗೆ ಕವಲಿಲ್ಲದ ಆರೇ ಕರಬಳ್ಳಿ. ಮತ್ತೆ ಎಣಿಕೆಯೇ ಗತಿ.

ವೇಷಧಾರಿಗಳು ಎರಡು ಕಡೆಯೂ ಇದ್ದಾರೆ. ಕೊಳಲು ಹವಳದ ಎಂಟೆಸಳಿನ ಪಾಲಿಪುಗಳು ಮೆದು ಹವಳದಂತೆಯೇ ತೂಗಾಡುತ್ತವೆ. ಕೆಳಗೆ ಮಾತ್ರ ಸಾಲಾಗಿ ನಿಂತ ಕೆಂಪು ಸುಣ್ಣದ ಕೊಳವೆಗಳು ಅಡಗಿರುತ್ತವೆ. ನೀಲಿ ಹವಳ ಹೊರಗೆ ಕಂದು ಕಲ್ಲು, ಮುರಿದರೆ ಒಳಗೆ ನೀಲಿ. ಅದೂ ಎಂಟರ ಮನೆತನದ್ದೇ. ಎದುರು ಕಡೆಯಲ್ಲಿ ಗೋನಿಯೊಪೊರ ಇದೆ. ಉದ್ದುದ್ದ ಕುತ್ತಿಗೆಯ ಪಾಲಿಪುಗಳನ್ನು ಹಗಲಿನಲ್ಲೇ ಚಾಚಿ ಹೂಬುಟ್ಟಿಯಂತೆ ತೂಗುತ್ತದೆ. ನೂರಕ್ಕೆ ತೊಂಬತ್ತು ಮಂದಿ ಅದನ್ನು ಮೆದು ಹವಳವೆನ್ನುತ್ತಾರೆ. ಕರಬಳ್ಳಿ ಇಪ್ಪತ್ತನಾಲ್ಕು, ಬೆರಳಿನಂಥವು, ಬುಡದಲ್ಲಿ ಕಲ್ಲು. ಕಠಿಣ ಹವಳವೇ ಸರಿ. ಬಂಡೆಯ ನೆರಳಿನಲ್ಲಿ ಕಿತ್ತಳೆ ಬಟ್ಟಲುಗಳಾಗಿ ಕುಳಿತು ಇರುಳಿನಲ್ಲಿ ಹಳದಿ ಹೂ ಬಿಚ್ಚುವ ಟುಬಾಸ್ಟ್ರೇಯವೂ ಅಂಥದೇ.

ನೀರಿಗಿಳಿಯಲು ಹಣವಿಲ್ಲ, ಈಜು ಬಾರದು ಎನ್ನುವವರು ನಿರಾಶರಾಗಬೇಕಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕಡಲು ಬಹುದೂರ ಇಳಿಯುತ್ತದೆ. ಆಗ ಹಾಜಿ ಅಲಿ, ಕಾರ್ಟರ್ ರಸ್ತೆ, ಜುಹೂ ಕಡೆಯ ಬಂಡೆಗಳ ಮೇಲೆ ಹಸುರು ಕಂದು ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದಂಥ ಹಾಸು ಕಾಣುತ್ತದೆ. ದಾರಿಹೋಕರು ಅದನ್ನು ಪಾಚಿಯೆಂದು ತುಳಿದು ಹೋಗುತ್ತಾರೆ. ಅವು ಝೋವಾಂತಿಡ್ ಎಂಬ ಪಾಲಿಪುಗಳು. ನೀರು ನಿಂತ ಗುಂಡಿಯಲ್ಲಿ ಅರಳಿದ್ದರೆ ಭೂತಕನ್ನಡಿ ಹಿಡಿದು ನೋಡಿ: ತಟ್ಟೆಯಂಥ ಮುಖ, ನಡುವೆ ಸೀಳಿನಂಥ ಬಾಯಿ, ಅಂಚಿನಲ್ಲಿ ಎರಡು ಸಾಲು ಮೋಟು ಕರಬಳ್ಳಿ, ಗರಿಯ ಕವಲಿಲ್ಲ. ಆದುದರಿಂದ ಮೆದುವಾಗಿದ್ದರೂ ಮೆದು ಹವಳವಲ್ಲ. ಇವುಗಳಲ್ಲಿ ಕೆಲವು ಮರಳಿನ ಕಣಗಳನ್ನು ತಮ್ಮ ಚರ್ಮದೊಳಕ್ಕೇ ಸೇರಿಸಿಕೊಂಡು ಗಟ್ಟಿಯಾಗುತ್ತವೆ. ಇಳಿತದ ಹೊತ್ತಿನಲ್ಲಿ ಜನರನ್ನು ಕರೆದೊಯ್ದು ಇವನ್ನೆಲ್ಲ ತೋರಿಸುವ ಮೆರೈನ್ ಲೈಫ್ ಆಫ್ ಮುಂಬಯಿ ಎಂಬ ತಂಡವೊಂದು 2017ರಲ್ಲಿ ಆರಂಭವಾಯಿತು.

ಆದರೆ ಮುಟ್ಟಬೇಡಿ. ಝೋವಾಂತಿಡ್‌ಗಳ ಪೈಕಿ ಪಾಲಿಥೋವ ಕುಲದ ಕೆಲವುಗಳಲ್ಲಿ ಪಾಲಿಟಾಕ್ಸಿನ್ ಎಂಬ ವಿಷವಿರುತ್ತದೆ. ಹವಾಯಿಯ ಜನ ಇದನ್ನು ಹಿಂದಿನಿಂದಲೂ ಬಲ್ಲರು. 1971ರಲ್ಲಿ ಅಲ್ಲಿನ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದರು. ಪ್ರಕೃತಿಯಲ್ಲಿ ಸಿಗುವ ಅತಿ ಘೋರ ವಿಷಗಳಲ್ಲಿ ಅದೊಂದು. ಈ ಮಾತು ಕಡಲಿಗಿಂತ ಹೆಚ್ಚಾಗಿ ಅಂಗಡಿಗೆ ಸಂಬಂಧಿಸಿದ್ದು. ಅಲಂಕಾರದ ಮೀನಿನ ತೊಟ್ಟಿಗಳನ್ನು ತೊಳೆಯುವ ಕೆಲಸದಲ್ಲಿ ನಮ್ಮ ಹುಡುಗರೂ ಇದ್ದಾರೆ. ತೊಟ್ಟಿಯ ಕಲ್ಲಿಗೆ ಅಂಟಿದ ಈ ಪಾಲಿಪುಗಳನ್ನು ಬ್ರಷ್ಷಿನಿಂದ ಕೆರೆಯುವುದು, ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದು ಬಲು ಅಪಾಯ. ಹಬೆಯೊಡನೆ, ತುಂತುರಿನೊಡನೆ ವಿಷ ಉಸಿರಿಗೆ ಹೋಗುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ತೊಟ್ಟಿಯ ಹವಳವನ್ನು ತೆಗೆಯುವಾಗ ಒಂದು ಮನೆಯವರೆಲ್ಲರೂ ಅಸ್ವಸ್ಥರಾಗಿ, ನೆರವಿಗೆ ಹೋದ ಅಗ್ನಿಶಾಮಕ ದಳದವರೂ ಆಸ್ಪತ್ರೆ ಸೇರಬೇಕಾಯಿತು. ಈ ಕೆಲಸದಲ್ಲಿರುವವರು ಕೈಚೀಲ, ಕಣ್ಣಿಗೆ ಕನ್ನಡಕವಿಲ್ಲದೆ ಕಲ್ಲು ಮುಟ್ಟಕೂಡದು, ಕುದಿಸಲಂತೂ ಕೂಡದು. ಜ್ವರ, ಎದೆ ಬಿಗಿತ, ಬಾಯಲ್ಲಿ ಕಹಿ ಲೋಹದ ರುಚಿ ಕಂಡರೆ ವೈದ್ಯರಿಗೆ 'ಹವಳದ ಕಲ್ಲು ತೊಳೆಯುತ್ತಿದ್ದೆ' ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ತಿಳಿಯುವ ಬಗೆ ಹೇಗೆ?

ನನ್ನ ಕೈಯ ಕಥೆ ನೇತ್ರಾಣಿಯಲ್ಲಿ ನಡೆದದ್ದು. ಏಳೆಂಟು ಮೀಟರು ಆಳದಲ್ಲಿ ಬಂಡೆಯ ಬದಿಗೆ ಕಂದುಬಿಳುಪಿನ ಜರಿಗಿಡದಂಥದು ತೂಗುತ್ತಿತ್ತು. ಗರಿಯಾಕಾರ ಕಂಡೊಡನೆ 'ಗರಿಯಂತಿದ್ದರೆ ಎಂಟರ ಮನೆತನ' ಎಂಬ ಪಾಠ ನೆನಪಾಗಿ, ಮೆದು ಹವಳವೇ ಇರಬೇಕೆಂದು ಹಿಗ್ಗಿ, ಅಲೆ ದೂಡಿದಾಗ ಅದರ ಪಕ್ಕದ ಬಂಡೆಯನ್ನು ಹಿಡಿಯಹೋದೆ. ಮಣಿಕಟ್ಟು ತಗುಲಿತು. ಬಿಸಿ ಕಾವಲಿ ಮುಟ್ಟಿದಂತಾಯಿತು. ಮೇಲೆ ಬರುವಷ್ಟರಲ್ಲಿ ಸಾಲು ಬೊಬ್ಬೆ. ತುರಿಕೆ ಹತ್ತು ದಿನ ಬಿಡಲಿಲ್ಲ. ತಪ್ಪು ಪೂರ್ತಿ ನನ್ನದೇ. ಪಾಠದಲ್ಲಿ ಗರಿಯಂತಿರಬೇಕಾದುದು ಒಂದೊಂದು ಪಾಲಿಪಿನ ಕರಬಳ್ಳಿ. ನಾನು ನೋಡಿದ್ದು ಇಡೀ ಗುಂಪಿನ ಆಕಾರ. ಅದು ಹೈಡ್ರಾಯ್ಡ್, ಟ್ರೆಂಬ್ಲೆಯ ಹೈಡ್ರಾದ ಕಡಲ ಸಂಬಂಧಿ. ಅದರ ಪಾಲಿಪುಗಳು ಎಸಳೆಣಿಸಲಾಗದಷ್ಟು ಸಣ್ಣವು. ಗರಿಯ ಅಂಚಿನಲ್ಲಿ ಬರಿಯ ಚುಕ್ಕಿಗಳಾಗಿ ತೋರುತ್ತವೆ. ಇದೇ ಬಳಗದ್ದು ಬೆಂಕಿ ಹವಳ. ಸಾಸಿವೆ ಹಳದಿಯ ಬಣ್ಣ, ಬೆಳ್ಳಗಾದ ತುದಿ, ನಯವಾದ ಮೈ, ಅದರ ಮೇಲೆ ಸೂಕ್ಷ್ಮವಾದ ರೋಮ. ಬಟ್ಟಲುಗಳು ಎಲ್ಲೂ ಕಾಣುವುದಿಲ್ಲ. ಎಸಳೆಣಿಸಲು ಬಾರದ ಯಾವುದರ ಹತ್ತಿರವೂ ಕೈ ಒಯ್ಯಬೇಡಿ. ತಗುಲಿದರೆ ಉಜ್ಜಬಾರದು, ಸಿಹಿನೀರಿನಿಂದ ತೊಳೆದರೆ ಉಳಿದ ಕುಟುಕುಕಣಗಳೂ ಸಿಡಿಯುವುದುಂಟು, ಆದುದರಿಂದ ಕಡಲನೀರನ್ನೇ ಸುರಿಯಬೇಕು. ಉಸಿರಾಟಕ್ಕೆ ತೊಂದರೆಯಾದರೆ, ಬಾವು ಏರುತ್ತ ಹೋದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಇಷ್ಟೆಲ್ಲ ಕಲಿತ ಮೇಲೂ ನೀರಿನೊಳಗೆ ಹೇಳಬಹುದಾದುದು ಕುಲದ ಹೆಸರು ಮಾತ್ರ. ಸಾರ್ಕೋಫೈಟನ್ ಎನ್ನಬಹುದು, ಯಾವ ಸಾರ್ಕೋಫೈಟನ್ ಎಂಬುದನ್ನು ತಿಳಿಯಲು ಮಾಂಸವನ್ನು ಕರಗಿಸಿ ಸೂಜಿಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದು ಬಲ್ಲವರ ಕೆಲಸ. ನಾವು ಪ್ಲಾಸ್ಟಿಕ್ ಹಲಗೆಯ ಮೇಲೆ ಸೀಸದ ಕಡ್ಡಿಯಿಂದ ಆಳ, ನೆರಳೋ ಬೆಳಕೋ, ಗರಿಯೋ ಬೆರಳೋ, ಪಾಲಿಪ್ ಒಂದು ಬಗೆಯೋ ಎರಡು ಬಗೆಯೋ ಎಂದು ಬರೆದು ತಂದರೆ ಅದೇ ದೊಡ್ಡ ಕೆಲಸ. ತುಂಡು ಮುರಿದು ತರುವುದಂತೂ ಸಲ್ಲದು. ಕಠಿಣ ಹವಳ, ಕರಿಹವಳ, ಕೊಳಲು ಹವಳ, ಬೆಂಕಿ ಹವಳ, ಬೀಸಣಿಗೆ ಹವಳ ಇವೆಲ್ಲವನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಿದ್ದಾರೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ಮುಂಬಯಿಯ ಕರಾವಳಿ ರಸ್ತೆಗಾಗಿ 2020ರಲ್ಲಿ ಹಾಜಿ ಅಲಿ, ವರ್ಲಿಗಳಲ್ಲಿದ್ದ ಅಂಗೈಯಗಲದ ಹವಳಗಳನ್ನು ಕೂಡ ಅನುಮತಿ ಪಡೆದೇ ಬೇರೆ ಕಡೆಗೆ ಸಾಗಿಸಬೇಕಾಯಿತು.

ಈ ಪಟ್ಟಿ ನಮ್ಮ ಖೋಲಿಗಳವರೆಗೂ ಬರುತ್ತದೆ. ವಾಚನಾಲಯಕ್ಕೆ ಬರುವ ಹಿರಿಯರೊಬ್ಬರು ದೃಷ್ಟಿದೋಷಕ್ಕೆಂದು 'ಇಂದ್ರಜಾಲ' ಎಂಬ ಬೇರನ್ನು ಗಾಜಿನ ಚೌಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕಿದ್ದರು. ಕಾಡಿನಲ್ಲಿ ಬೆಳೆಯುವ ಅಪರೂಪದ ಮೂಲಿಕೆಯೆಂದು ಮಾರಿದವನು ಹೇಳಿದ್ದನಂತೆ. ಎರಡು ತಿಂಗಳ ಓವರ್‌ಟೈಮ್ ಹಣ ಅದಕ್ಕೆ ಹೋಗಿತ್ತು. ನನಗೆ ಅನುಮಾನ ಬಂದು, 'ಕಾಕಾ, ಒಮ್ಮೆ ಇಳಿಸಿ ನೋಡೋಣ' ಎಂದೆ. ಬೇರು ಎಲ್ಲ ದಿಕ್ಕಿಗೂ ಕವಲೊಡೆಯುತ್ತದೆ; ಇದು ಹಪ್ಪಳದಂತೆ ಒಂದೇ ಮಟ್ಟಸಕ್ಕೆ ಹರಡಿತ್ತು. ಕವಲುಗಳು ಬಲೆಯಂತೆ ಒಂದಕ್ಕೊಂದು ಕೂಡಿಕೊಂಡಿದ್ದವು. ಬೇರುಗಳು ಹಾಗೆ ಕೂಡುವುದಿಲ್ಲ. ಭೂತಕನ್ನಡಿಯಲ್ಲಿ ನೋಡಿದರೆ ಅಲ್ಲಲ್ಲಿ ಉಳಿದಿದ್ದ ಒಣ ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಗುಳಿಗಳ ಸಾಲು. ಉದುರಿದ್ದ ಒಂದು ಎಳೆಯನ್ನು ಕಡ್ಡಿಗೀರಿ ಸುಟ್ಟೆವು. ಕಟ್ಟಿಗೆಯ ವಾಸನೆ ಬರಲಿಲ್ಲ, ಕೂದಲು ಸುಟ್ಟ ವಾಸನೆ ಬಂತು.

'ಹಂಗಾದ್ರ ಇದು ಬೇರಲ್ಲೇನು?' ಎಂದರು ಕಾಕಾ.

'ಬೀಸಣಿಗೆ ಹವಳ, ಕಾಕಾ. ಆ ಗುಳಿಗಳಲ್ಲಿ ಒಂದೊಂದು ಪ್ರಾಣಿ ಇತ್ತು. ಇಟ್ಟುಕೊಂಡವರಿಗೆ ಮೂರರಿಂದ ಏಳು ವರ್ಷದ ಸಜಾ ಇದೆ.'

ಕಾಕಾ ಬಹಳ ಹೊತ್ತು ಆ ಗುಳಿಗಳನ್ನೇ ನೋಡುತ್ತ ಕುಳಿತರು. 'ಎಷ್ಟು ಎಸಳಿದ್ದುವು ಅಂದಿ?' ಎಂದು ಕೇಳಿದರು. ಎಂಟು ಎಂದೆ. ಮರುದಿನ ನಾವಿಬ್ಬರೂ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಒಪ್ಪಿಸಿ ಬಂದೆವು. ಬಾಗಿಲ ಮೇಲಿನ ಆ ಮೊಳೆಗೆ ಈಗ ಕ್ಯಾಲೆಂಡರು ಬಂದಿದೆ. ಅದರಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಿಗೆ ಕಾಕಾ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದಾರೆ.